ಅಜ್ಜಿ ಹೇಳಿದ ಹೆಸರು

ಮೊನ್ನೆ ಮಂಚದ ಕೆಳಗಿನ ಟ್ರಂಕಿನಲ್ಲಿ ಹಳೆಯ ಟೇಪ್ ರೆಕಾರ್ಡರ್ ಸಿಕ್ಕಿತು. ಒಳಗಿನ ಕ್ಯಾಸೆಟ್ಟಿನ ವಾಸನೆಗೆ ಅಜ್ಜನ ಮನೆಯ ಒಂದು ಮಧ್ಯಾಹ್ನ ನೆನಪಾಯಿತು.

ಮರಾಠಿ ಗಡಿಯ ನಮ್ಮ ಊರು ಯಳವಿಯಲ್ಲಿ ಹೆಂಗಸರು ಪ್ರಾಸ ಕಟ್ಟಿದ ಒಡಪಿನಲ್ಲಲ್ಲದೆ ಗಂಡನ ಹೆಸರು ಎತ್ತುತ್ತಿರಲಿಲ್ಲ. ಅತ್ತೆಯ ಮದುವೆಯಲ್ಲಿ ಅಜ್ಜಿ ಹೇಳಿದ ಒಡಪು ಒಂದು ಕ್ಯಾಸೆಟ್ಟಿನಲ್ಲಿತ್ತು. ಅಜ್ಜ ದಿನಾ ಊಟವಾದ ಮೇಲೆ ಮಂಚದಲ್ಲಿ ಮಲಗಿ ಅದನ್ನೇ ಕೇಳುತ್ತಿದ್ದ. ನಾನು ಚಿಕ್ಕವನಿದ್ದಾಗ ಆ ಮಧ್ಯಾಹ್ನ ಅವನು ಗುಂಡಿ ಒತ್ತಿದರೆ ಹೊರಬಂದದ್ದು ನನ್ನ ದನಿ: “ಬೇ ಏಕೆ ಬೇ, ಬೇ ದುಣೆ ಚಾರ್.” ಹುರುಪಿನಲ್ಲಿ ಮರಾಠಿ ಸಾಲೆಯ ಎರಡರ ಮಗ್ಗಿಯನ್ನು ಅದರ ಮೇಲೇ ರೆಕಾರ್ಡ್ ಮಾಡಿದ್ದೆ. ಮನೆಯಿಂದ ಹೊರಗೆ ಹಾಕಿದರೆ ಎಲ್ಲಿರುವುದೆಂದು ಆಗಲೇ ಚಿಂತಿಸತೊಡಗಿದೆ.

ಅಜ್ಜ ಅಜ್ಜಿಯನ್ನು ಕರೆದ. “ನಿನ್ನ ಒಡಪ ಈ ಮಾಸ್ತರ ಅಳಿಸ್ಯಾನ ನೋಡ. ಇನ್ನೊಮ್ಮೆ ಹೇಳ, ತುಂಬಿಸ್ಕೋತೀನಿ.”

“ಮೊಮ್ಮಗನ ಮುಂದ ನಾಚಿಕಿ ಇಲ್ಲೇನ್ರಿ?” ಎಂದ ಅಜ್ಜಿ ಬಾಗಿಲು ಮುಂದೆ ಮಾಡಿ, ಸೆರಗಿನಲ್ಲಿ ನಗು ಮುಚ್ಚಿಕೊಂಡು, ನಮ್ಮ ಸೀಮೆಯ ಹೆಸರಾಂತ ಕುರಿಯನ್ನೂ ಅಜ್ಜನ ಹೆಸರನ್ನೂ ಹೆಣೆದು ಹೇಳಿದಳು: “ಮಾಡಗ್ಯಾಳ ಕುರಿಗಿ ಡೊಂಕ ಮೂಗ ಚಂದ, ನಮ್ಮ ಸಿದರಾಯ್ರಿಗಿ ಸಿಟ್ಟಿನ ಮಾರಿ ಚಂದ.”

“ಬರೋಬರ ಬರ್ಲಿಲ್ಲ, ಮತ್ತೊಮ್ಮಿ ಹೇಳ,” ಎಂದ ಅಜ್ಜ.

ಹೀಗೆ ಮೂರು ಸಲ ಹೇಳಿಸಿದ. ಅವನು ಟೇಪ್ ಚಾಲೂ ಮಾಡಿಯೇ ಇರಲಿಲ್ಲ. ಅದನ್ನು ಹೇಳಲು ನಾನು ಬಾಯಿ ತೆರೆದೆ. ಅಜ್ಜ ಮೆಲ್ಲನೆ ನನ್ನ ತೊಡೆ ಚಿವುಟಿದ.