ಗೇಟಿನ ತನಕ

"ನೀವ್ ನರ್ಸ್ ಅಲ್ರಿ, ಜಲ್ಲಾದ ಇದ್ದೀರಿ, ಜೀವಾ ತೆಗಿಯೋರು! ನಾ ಹಡಿಯಂಗಿಲ್ಲ, ಮನಿಗಿ ಹೋಗ್ತೇನಿ!" ಎಂದು ಸಂತಪುರದ ಅತಿಯಾ ಬೀದರಿನ ಆಸ್ಪತ್ರೆಯ ಮಂಚದಿಂದ ಇಳಿದೇಬಿಟ್ಟಳು. ಚೊಚ್ಚಲ ಹೆರಿಗೆ. ನಸುಕಿನಿಂದ ನೋವು, ಅದಕ್ಕಿಂತ ಹೆಚ್ಚಾಗಿ ಸತ್ತೇ ಹೋಗುತ್ತೇನೆಂಬ ಹೆದರಿಕೆ.

"ಹೋಗವ್ವಾ, ಯಾರ್ ಹಿಡದಾರ? ಔರಾದ ಬಸ್ಸು ಗೇಟಿನ ಮುಂದೇ ನಿಲ್ತದ," ಎಂದಳು ನರ್ಸ್ ಜೆಮಿಮಾ. "ನಾಲ್ಕು ಹೆಜ್ಜಿ ನಡಿಲಾಕ ದಮ್ ಇಲ್ಲ, ಸಂತಪುರಕ್ಕ ಹೊಂಟಾಳ!"

ದಮ್ ಇಲ್ಲವೇ? ಅತಿಯಾ ಸಿಟ್ಟಿನಿಂದ ಗೇಟಿನತ್ತ ನಡೆದಳು. ಜೆಮಿಮಾ ಬೈಯುತ್ತಲೇ ಜೊತೆಗೆ ಹೆಜ್ಜೆ ಹಾಕಿದಳು. ನೋವು ಬಂದಾಗ ಮಾತ್ರ ಬೈಗುಳ ನಿಲ್ಲಿಸಿ, ಅವಳ ಸೊಂಟವನ್ನು ಎರಡೂ ಅಂಗೈಯಿಂದ ಒತ್ತಿ ಹಿಡಿದು, "ಉಸಿರು ಬಿಡು ಬೇಟಿ, ಮೆಲ್ಲಕ," ಎನ್ನುತ್ತಿದ್ದಳು. ಗೇಟಿನಲ್ಲಿ ಬಸ್ಸಿರಲಿಲ್ಲ. ಅತಿಯಾ ತಿರುಗಿ ಬಂದಳು. "ಸೋತಿ ಏನು?" ಎಂದು ಜೆಮಿಮಾ ಕೆಣಕಿದ್ದಕ್ಕೆ ಮತ್ತೆ ಹೊರಟಳು. ನಾಲ್ಕನೆಯ ಸುತ್ತಿಗೆ ಜೆಮಿಮಾ ಅವಳ ಕೈಹಿಡಿದು ನೇರ ಹೆರಿಗೆ ಕೋಣೆಗೆ ಕರೆದೊಯ್ದಳು.

ಮಧ್ಯಾಹ್ನದ ಹೊತ್ತಿಗೆ ಮಗಳು ಅತಿಯಾಳ ಎದೆಯ ಮೇಲಿದ್ದಳು. ಒದ್ದೆ ಕೂದಲು, ಮುಚ್ಚಿದ ಮುಷ್ಟಿ.

"ಮಾಫ್ ಮಾಡ್ರಿ ಸಿಸ್ಟರ್, ಬಾಯಿಗಿ ಬಂದಂಗ ಅಂದೆ. ಜರಾ ಕೂಡ್ರಿ ಇಲ್ಲಿ."

"ಬಂದೆ, ತಡಿ. ಆಚಿ ಮಂಚದಾಕಿ ಒದರ್ಲತ್ತಾಳ," ಎಂದು ಜೆಮಿಮಾ ಕೂಸಿನ ಕೆನ್ನೆ ಸವರಿ ಹೊರಗೆ ನಡೆದಳು.

ತುಸು ಹೊತ್ತಿಗೆ ಪಡಸಾಲೆಯಿಂದ ಅವಳ ದನಿ ಕೇಳಿತು: "ಹೋಗವ್ವಾ, ಯಾರ್ ಹಿಡದಾರ? ಭಾಲ್ಕಿ ಬಸ್ಸು ಗೇಟಿನ ಮುಂದೇ ನಿಲ್ತದ!"

ಹೊಟ್ಟೆಯಲ್ಲಿ ತನ್ನ ಕೂಸು ಕೆಳಗಿಳಿದದ್ದು ಆ ಗೇಟಿನ ನಡಿಗೆಯಲ್ಲೇ, ಜೆಮಿಮಾ ಬೈದು ನಡೆಸಿದ್ದು ಅದಕ್ಕೇ ಎಂಬುದು ಅತಿಯಾಳಿಗೆ ಆಗ ಹೊಳೆಯಿತು. ಹೊಲಿಗೆ ಚುರುಗುಟ್ಟಿದರೂ ಮಗಳನ್ನು ಅಪ್ಪಿಕೊಂಡು ನಕ್ಕೇ ನಕ್ಕಳು. ಜೆಮಿಮಾ ತಿರುಗಿ ಬರಲಿಲ್ಲ; ಅವಳ ಬೈಗುಳ ಆಗಲೇ ಗೇಟಿನತ್ತ ಸಾಗಿತ್ತು.