ಮಲಗಿದ ಎತ್ತು

ಚಪ್ಪಾಳೆ ನಡುವೆಯೇ ನಿಂತುಹೋಯಿತು. ಅಂಗಳದ ಕಟ್ಟೆಯ ಮೇಲೆ ಕೂತಿದ್ದ ಗೋಪಮ್ಮ ಕತ್ತು ಚಾಚಿ ಒಳಗೆ ನೋಡಿದಳು. ಮೊಮ್ಮಗನ ಹುಟ್ಟುಹಬ್ಬಕ್ಕೆ ರಾಯಚೂರಿನ ಅಕ್ಕಿ ಮಿಲ್ಲಿನ ಸಾಹುಕಾರರ ಪಡಸಾಲೆ ತುಂಬ ಜನ. ಮೇಜಿನ ಮೇಲೆ ಅವಳೇ ಮಾಡಿ ತಂದ ಎತ್ತಿನ ಕೇಕು. ಆ ಮನೆಯ ಸೊಸೆ ಮಹಾಂತಮ್ಮ ಮಗನ ಕೈಗೆ ಚಾಕು ಹಿಡಿಸಿದ್ದಳು. ಅತ್ತೆ ಚನ್ನಮಲ್ಲಮ್ಮ ಅದನ್ನು ಕಸಿದುಕೊಂಡು ಸೆರಗಿನಲ್ಲಿ ಸುತ್ತಿದಳು. ಏನೋ ಅಂದಳು. ಅದು ಅಂಗಳಕ್ಕೆ ಕೇಳಲಿಲ್ಲ.

ಕೇಳುವುದೇನಿದೆ ಎಂದುಕೊಂಡಳು ಗೋಪಮ್ಮ. ಅವಳ ಕೇರಿಯವರ ಕೈಯಿಂದ ಆ ಮನೆಯವರು ಈವರೆಗೆ ನೀರು ಸಹ ಕುಡಿದವರಲ್ಲ. ಮಹಾಂತಮ್ಮ ಆರ್ಡರು ಕೊಡಲು ಬಂದಾಗಲೇ ಗೋಪಮ್ಮ ಅದನ್ನು ಮುಖಕ್ಕೆ ಹೊಡೆದಂತೆ ಕೇಳಿದ್ದಳು. ಅತ್ತೆಗೆ ತಾನೇ ಹೇಳುತ್ತೇನೆಂದು ಮಹಾಂತಮ್ಮ ಒಪ್ಪಿಕೊಂಡಿದ್ದಳು. ಹೇಳಿದಳೋ, ಹೆದರಿ ಬಿಟ್ಟಳೋ, ಯಾರಿಗೆ ಗೊತ್ತು.

ಗೋಪಮ್ಮ ಕೇಕು ಕಲಿತದ್ದು ಶಕ್ತಿನಗರದ ಪವರ್ ಹೌಸಿನ ಕಾಲೊನಿಯಲ್ಲಿ, ಪಾತ್ರೆ ತೊಳೆಯಲು ಹೋಗುತ್ತಿದ್ದ ಕೇರಳದ ಇಂಜಿನಿಯರರ ಮನೆಯಲ್ಲಿ. ಆ ಮನೆಯ ಪುಣ್ಯಾತ್ಗಿತ್ತಿ ಪಕ್ಕದಲ್ಲಿ ನಿಲ್ಲಿಸಿಕೊಂಡು ಹೇಳಿಕೊಟ್ಟಳು. ವರ್ಗವಾಗಿ ಹೋಗುವಾಗ ಬಣ್ಣದ ಸೀಸೆಗಳನ್ನೂ ಇವಳಿಗೇ ಬಿಟ್ಟಳು. ಈಗ ಗೋಪಮ್ಮ ತನ್ನ ಮನೆಯಲ್ಲೇ, ಸೀಮೆಎಣ್ಣೆ ಸ್ಟೋವಿನ ಮೇಲೆ ಡಬರಿಯಲ್ಲಿ ಮರಳು ಕಾಯಿಸಿ ಕೇಕು ಬೇಯಿಸುತ್ತಾಳೆ. ಒಬ್ಬರಿಗೆ ರೈಲಿನ ಆಕಾರದ್ದು, ಇನ್ನೊಬ್ಬರಿಗೆ ಪವರ್ ಹೌಸಿನ ಚಿಮಣಿಯ ಆಕಾರದ್ದು. ಗಂಡ ಮೌನಪ್ಪನ ಕಾಂಟ್ರ್ಯಾಕ್ಟ್ ಕೂಲಿ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಒಲೆ ಉರಿಯುವುದು ಈ ಕೇಕಿನಿಂದ. ಮಹಾಂತಮ್ಮನ ತಂಗಿ ಇರುವುದೂ ಅದೇ ಕಾಲೊನಿಯಲ್ಲಿ. ಇಲ್ಲಿ ಕೇಕು ಮುಟ್ಟದೆ ಬಿಟ್ಟರೆ ನಾಳೆಯೇ ಆ ಮಾತು ಅಲ್ಲಿಗೆ ಹೋಗುತ್ತದೆ. ಇಷ್ಟು ದಿನ ಬಾಗಿಲಿಗೆ ಬಂದು ಕೇಳಿದವರು ಮುಖ ತಿರುಗಿಸುತ್ತಾರೆ.

ಅವಳಿಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. ಎದ್ದವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊಸ್ತಿಲ ತನಕ ನಡೆದಳು.

"ನಾ ಯಾವ ಕೇರಿಯಾಕಿ ಅಂತ ಗೊತ್ತಾಗಿ ಮುಟ್ಟವಲ್ರೇನು? ಹಂಗಿದ್ರ ಬಾಯಿ ಬಿಟ್ಟು ಹೇಳ್ರಿ. ನನ್ನ ಎತ್ತು ನಾ ಒಯ್ತೀನಿ."

ಚನ್ನಮಲ್ಲಮ್ಮ ನಿಧಾನವಾಗಿ ತಿರುಗಿದಳು.

"ನೀ ಯಾರು ಅಂತ ಸೊಸಿ ನಿನ್ನೇನ ಹೇಳ್ಯಾಳ. ರಾತ್ರಿಯೆಲ್ಲಾ ಅದಾ ಜಗಳ ಆಗೇದ, ಮುಗದದ. ಈಗ ನಿನ್ನ ಸಿಟ್ಟು ಬದಿಗಿಡು. ಬಸವಣ್ಣನ್ನ ಮಾಡಿ ತಂದು ಕುಂದರಿಸೀದಿ, ಕುತ್ತಿಗಿಗೆ ಚಾಕು ಹೆಂಗ ಹಾಕೋಣು? ಅದನ್ನ ಹೇಳು."

ಮುದುಕಿ ಬದಿಗೆ ಸರಿದಳು. ಗೋಪಮ್ಮ ಕಂಡಳು. ಎತ್ತಿನ ಹಣೆಯ ಮೇಲೆ ಮೂರು ಎಳೆ ವಿಭೂತಿ. ಕೊರಳ ಮೇಲೊಂದು ಮಲ್ಲಿಗೆ ಹೂ. ಮುಂದೆ ಊದಿನಕಡ್ಡಿ ಹೊಗೆಯಾಡುತ್ತಿತ್ತು.

ಅವಳ ಬಾಯಿಂದ ತೊದಲು ಮಾತೇ ಬಂತು. ಮಗುವಿಗೆ ಮಿಲ್ಲಿನ ಎತ್ತುಗಳೆಂದರೆ ಜೀವ ಎಂದು ಮಹಾಂತಮ್ಮ ಹೇಳಿದ್ದಳು. ಅದಕ್ಕೇ ಎತ್ತು. ತತ್ತಿ ಹಾಕಿಲ್ಲ, ಮೊಸರು ಹಾಕಿ ಉಬ್ಬಿಸಿದ್ದು. ನಿಲ್ಲಿಸಿಯೇ ಮಾಡಿದ್ದಳು, ಆದರೆ ಮೆತ್ತನೆಯ ಕಾಲುಗಳು ಮೈಭಾರ ತಾಳದೆ ಕುಸಿದವು. ಹೊತ್ತು ಇರಲಿಲ್ಲ. ಕಾಲು ಮಡಚಿ ಮಲಗಿಸಿ, ಮೇಲೆ ಬೆಣ್ಣೆ ಸಕ್ಕರೆ ಬಳಿದು, ಬೂಂದಿಯ ಗೆಜ್ಜೆಸರ ಕಟ್ಟಿ ತಂದಳು. ಮಲಗಿದ ಮೇಲೆ ಅದು ಎತ್ತಾಗಿ ಉಳಿಯಲಿಲ್ಲ, ಗುಡಿಯ ಬಸವಣ್ಣನೇ ಆಗಿಬಿಟ್ಟಿತು ಎಂಬುದು ಅವಳಿಗೆ ಹೊಳೆದದ್ದು ಈಗ.

"ನನ್ನ ಕೈಲೆ ಮಾಡಿದ್ದಕ್ಕ ನೀವು ಕೈ ಮುಗದೀರೇನ್ರಿ?" ಎಂದಳು.

"ಮುಗೀದೆ ಏನು ಮಾಡ್ಲಿ? ಕಣ್ಣು ನೋಡು ಅದರದ್ದು."

ಕಣ್ಣೆಂದರೆ ಎರಡು ಕರಿ ಒಣದ್ರಾಕ್ಷಿ. ಗೋಪಮ್ಮನ ಸಿಟ್ಟು ಎಲ್ಲಿ ಹೋಯಿತೋ. ಕೇರಳದ ಆ ತಾಯಿಯನ್ನು ನೆನೆಯಬೇಕೋ, ರಾತ್ರಿಯೆಲ್ಲ ಜಗಳಾಡಿ ಗೆದ್ದ ಮಹಾಂತಮ್ಮನಿಗೆ ಕೈ ಮುಗಿಯಬೇಕೋ ಅವಳಿಗೆ ತಿಳಿಯಲಿಲ್ಲ. ಮಗು ಮೇಜಿನ ಕಡೆ ಕೈ ಚಾಚಿ ರಂಪ ಶುರುಮಾಡಿತು. ಗೋಪಮ್ಮ ಮುದುಕಿಯ ಕಡೆ ತಿರುಗಿದಳು.

"ವಿಭೂತಿ ಹಚ್ಚಿದ್ದಾತು, ಊದಿನಕಡ್ಡಿ ಬೆಳಗಿದ್ದಾತು. ಇನ್ನ ಅದು ಪ್ರಸಾದ ಅಲ್ಲೇನ್ರೀ ಯವ್ವಾ? ಪ್ರಸಾದಕ್ಕ ಚಾಕು ಯಾಕ ಬೇಕು? ಕೈಲೆ ಮುರದು ಕೊಡ್ರಿ."

ಚನ್ನಮಲ್ಲಮ್ಮ ಸೊಸೆಗೆ, ಚೊಂಬಿನಲ್ಲಿ ನೀರು ತಂದು ಗೋಪಮ್ಮನ ಕೈಗೆ ಹಾಕು ಎಂದಳು.

"ನನಗ ಮುರಿಯಾಕ ಕೈ ಬರಂಗಿಲ್ಲ. ಮಾಡಿದಾಕಿ ನೀನಾ ಮುರಿ. ಒಳಗ ಬಾ."

ಪಡಸಾಲೆಯಲ್ಲಿ ಯಾರೋ ಜೋರಾಗಿ ಕೆಮ್ಮಿದರು. ಮುದುಕಿ ಆ ಕಡೆ ನೋಡಲಿಲ್ಲ. ಗೋಪಮ್ಮ ಹೊಸ್ತಿಲು ದಾಟಿದಳು. ಮಹಾಂತಮ್ಮ ಸುರಿದ ನೀರಿನಲ್ಲಿ ಕೈ ತೊಳೆದಳು. ಎಲ್ಲಿಂದ ಮುರಿಯಲಿ ಎಂದು ಕಣ್ಣಿನಲ್ಲೇ ಕೇಳಿದಳು.

"ಕೊಂಬು ಸಕ್ಕರೀ ಪಾಕದ್ದು ಕಾಣ್ತದ, ಅದನ್ನ ಮೊಮ್ಮಗಗ ಕೊಡು. ನನಗ ಹಲ್ಲಿಲ್ಲ," ಎಂದಳು ಚನ್ನಮಲ್ಲಮ್ಮ.

ಎಲ್ಲರೂ ನಕ್ಕರು, ಕೆಮ್ಮಿದವರೂ ನಕ್ಕರು. ಗೋಪಮ್ಮ ಬೆನ್ನಿನ ಮೆತ್ತನೆಯ ತುಂಡೊಂದನ್ನು ಮುರಿದು ತಿರುಗಿದಳು. ಮುದುಕಿ ತಲೆಯ ಮೇಲೆ ಸೆರಗು ಹೊದ್ದು, ಎಡ ಅಂಗೈಯ ಮೇಲೆ ಬಲ ಅಂಗೈ ಇಟ್ಟು, ತಲೆ ಬಗ್ಗಿಸಿ ಅವಳೆದುರು ನಿಂತಿದ್ದಳು.