ಗೆಲ್ಲುವವಳ ಬಾಟಲಿ

ವ್ಯಾನಿನ ಪರದೆ ಎರಡು ಬೆರಳಿನಷ್ಟು ಸರಿದಿತ್ತು. ತಿಂಕಾರಾಗೆ ಅಷ್ಟು ಸಾಕಾಯಿತು. ಒಳಗೆ ಅಪ್ಪ ಸ್ಲಾವ್ಕೊ ಒಂದು ಮಾತ್ರೆಯನ್ನು ಎರಡು ಚಮಚಗಳ ನಡುವೆ ಇಟ್ಟು ಒತ್ತಿದ. ಪುಡಿಯನ್ನು ಬಿಳಿ ಬಾಟಲಿಯೊಂದಕ್ಕೆ ಸುರಿದ. ಮುಚ್ಚಳ ಬಿಗಿದು ಕುಲುಕಿ, ಬೆಳಕಿಗೆ ಹಿಡಿದು ನೋಡಿದ. ಪಕ್ಕದಲ್ಲೇ ಅಂಥದ್ದೇ ಇನ್ನೊಂದು ಬಾಟಲಿ ಇತ್ತು. ಅದರ ಗೊಡವೆಗೆ ಅವನು ಹೋಗಲಿಲ್ಲ.

ಅಪ್ಪ ತಿರುಗುವಷ್ಟರಲ್ಲಿ ಅವಳು ಚಕ್ರದ ಮರೆಯಲ್ಲಿ ಕುಸಿದು ಕೂತಳು.

ಹಾಗಾದರೆ ಗುಟ್ಟು ಇದು. ಈ ವರ್ಷದ ಆರಕ್ಕೆ ಆರೂ ಸೈಕಲ್ ರೇಸುಗಳನ್ನು ಅಕ್ಕ ಬ್ರಿನಾ ಗೆದ್ದದ್ದು ಹೀಗೆ.

ಆರರಲ್ಲೂ ಎರಡನೆಯವಳು ತಿಂಕಾರಾ. ಹೋದ ವರ್ಷ ಹತ್ತೊಂಬತ್ತನೇ ಸ್ಥಾನದಲ್ಲಿ ಏದುಸಿರು ಬಿಡುತ್ತಿದ್ದ ಹುಡುಗಿ. ಚಳಿಗಾಲವಿಡೀ ಪೋಹೋರ್ಯೆ ಬೆಟ್ಟದ ಹಿಮದಲ್ಲಿ ಸೈಕಲ್ ತುಳಿದು, ಮರಗಟ್ಟಿದ ಬೆರಳುಗಳನ್ನು ಕಂಕುಳಲ್ಲಿ ಬೆಚ್ಚಗೆ ಮಾಡಿಕೊಂಡು ಇಲ್ಲಿಯವರೆಗೆ ಬಂದಿದ್ದಳು. ಪ್ರತಿ ರೇಸಿನ ದಿನ ರಾತ್ರಿ ಕಣ್ಣಿಗೆ ನಿದ್ದೆ ಹತ್ತುತ್ತಿರಲಿಲ್ಲ, ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಕೈಗೆ ಬಂದದ್ದು ತಪ್ಪಿದ ಸಂಕಟ ಎಂದುಕೊಂಡಿದ್ದಳು. ಈಗ ಆ ಸಂಕಟಕ್ಕೊಂದು ಹೆಸರು ಸಿಕ್ಕಿತು. ಮೋಸ.

ತಿಂಡಿಗೆ ಕುಂಬಳಬೀಜದ ಎಣ್ಣೆ ಸುರಿದ ಬ್ರೆಡ್ಡು. ಕೊನೆಗೆ ಅಪ್ಪ ಬಾಟಲಿಗಳನ್ನು ತಾನೇ ಇಬ್ಬರ ಕೈಗೂ ಕೊಟ್ಟ.

"ಪೂರ್ತಿ ಕುಡೀರಿ, ಇಬ್ರೂ."

ಬ್ರಿನಾ ಎರಡು ಗುಟುಕು ಕುಡಿದು ಉಳಿದದ್ದನ್ನು ಸೈಕಲ್ಲಿನ ಚೈನಿಗೆ ಅಂಟಿದ್ದ ಕೆಸರಿನ ಮೇಲೆ ಸುರಿದಳು. "ಹೊಟ್ಟೆ ಕುಲುಕುತ್ತೆ ಕಣಪ್ಪಾ."

ಅಪ್ಪ ನಕ್ಕುಬಿಟ್ಟ. ಎರಡು ಗುಟುಕೇ ಸಾಕಾಗುವಂಥ ಮದ್ದು ಎಂದುಕೊಂಡಳು ತಿಂಕಾರಾ. ಸಿಟ್ಟಿಗೆ ತನ್ನದನ್ನು ಒಂದೇ ಉಸಿರಿನಲ್ಲಿ ಗಟಗಟನೆ ಮುಗಿಸಿದಳು.

ಒಂಬತ್ತೂವರೆಗೆ ಮೈದಾನಕ್ಕೆ ಬಿಳಿ ಕಾರೊಂದು ಬಂತು. ಹತ್ತೊಂಬತ್ತು ವರ್ಷದೊಳಗಿನ ಹುಡುಗಿಯರ ರೇಸಿಗೆ ಉದ್ದೀಪನ ಮದ್ದಿನ ಪರೀಕ್ಷೆಯವರು ಬರುವುದು ಅಪರೂಪ. ಆದರೆ ಇದು ಸ್ಲೊವೇನಿಯಾದ ರಾಷ್ಟ್ರೀಯ ಚಾಂಪಿಯನ್‌ಶಿಪ್. ಹೇಳದೆ ಕೇಳದೆ ಬಂದಿದ್ದರು. ತಿಂಕಾರಾ ಅವರ ಗುಡಾರದ ಬಾಗಿಲವರೆಗೆ ಎರಡು ಸಲ ಹೋಗಿ ಹಿಂತಿರುಗಿದಳು. ಒಂದು ಮಾತು ಆಡಿದರೆ ಅಕ್ಕನಿಗೆ ವರ್ಷಗಟ್ಟಲೆ ನಿಷೇಧ. ಅಪ್ಪ ಊರಲ್ಲಿ ತಲೆ ಎತ್ತಿ ತಿರುಗುವ ಹಾಗಿಲ್ಲ. ಆಡದಿದ್ದರೆ ತಾನು ಜನ್ಮವಿಡೀ ಎರಡನೆಯವಳು. ಮೂರನೇ ಸಲ ಒಳಗೆ ಹೋದಳು.

"ನನ್ನ ಅಕ್ಕನ್ನ ಪರೀಕ್ಷೆ ಮಾಡಿ ಮೇಡಂ. ಬ್ರಿನಾ. ಏಳನೇ ನಂಬರು."

ಅಧಿಕಾರಿ ಹ್ರಿಬಾರ್ ಕನ್ನಡಕ ತೆಗೆದರು. "ಯಾಕಮ್ಮಾ?"

"ಮಾಡಿ. ನಿಮಗೇ ಗೊತ್ತಾಗತ್ತೆ."

"ಅವಳೊಬ್ಬಳನ್ನೇ ಕರೆದ್ರೆ ಹೇಳಿದ್ದು ಯಾರು ಅಂತ ನಿಮ್ಮ ಮನೇಲಿ ಹುಡುಕ್ತಾರೆ. ನಿನ್ನನ್ನೂ ಕರೀತೀನಿ. ಆಗಬಹುದಾ?"

"ಧಾರಾಳವಾಗಿ."

ಗೆರೆಯ ಹಿಂದೆ ನಿಂತಾಗ ಬ್ರಿನಾ ಮೊಣಕೈಯಿಂದ ತಿವಿದಳು. "ಇವತ್ತಾದ್ರೂ ನನ್ನ ಧೂಳು ತಿನ್ನೋದು ಬಿಡ್ತೀಯೇನೇ?"

"ಇವತ್ತಿಗೆ ಮುಗೀತು ಅಂದ್ಕೋ," ಎಂದಳು ತಿಂಕಾರಾ.

ನಾಲ್ಕು ಸುತ್ತು. ಮೂರು ಸುತ್ತು ಮುಗಿದರೂ ಬ್ರಿನಾಳ ಹಿಂಚಕ್ರ ಅವಳ ಕಣ್ಣೆದುರಿನಿಂದ ಕದಲಲಿಲ್ಲ. ಬೇರುಗಳ ಇಳಿಜಾರಿನಲ್ಲಿ ಹ್ಯಾಂಡಲ್ ಕೈ ಕಿತ್ತುಕೊಂಡು ಹೋಗುವಂತೆ ಕುಣಿಯಿತು. ಕೊನೆಯ ಸುತ್ತಿನಲ್ಲಿ ಬಂಡೆಗಳ ಇಳುಕಲು ಬಂದಾಗ ಬ್ರಿನಾ ಎಡಕ್ಕೆ, ಸುಲಭದ ಹಾದಿಗೆ ತಿರುಗಿದಳು. ತಿಂಕಾರಾ ನೇರ ಬಿಟ್ಟಳು. ಮುಂಚಕ್ರ ಗಾಳಿಯಲ್ಲಿ ತೂಗಿತು, ಕಲ್ಲಿಗೆ ಅಪ್ಪಳಿಸಿತು. ಮೊಣಕಾಲು ಬಂಡೆಗೆ ಉಜ್ಜಿ ಚರ್ಮ ಕಿತ್ತುಬಂತು. ಬೀಳಲಿಲ್ಲ. ಕಟ್ಟಕಡೆಯ ಏರಿನಲ್ಲಿ ಇಬ್ಬರ ಭುಜ ತಗುಲಿದವು. ಎಂಥವರ ಕಾಲೂ ಸೋಲುವ ಏರು ಅದು. ತಿಂಕಾರಾಳ ಕಾಲುಗಳಿಗೆ ದಣಿವೆಂಬುದೇ ಗೊತ್ತಿಲ್ಲದ ಹಾಗಿತ್ತು. ಅರ್ಧ ಚಕ್ರದ ಅಂತರದಲ್ಲಿ ಗೆದ್ದಳು.

ಹುಲ್ಲಿನ ಮೇಲೆ ಅಂಗಾತ ಬಿದ್ದು ಅತ್ತಳು. ಮದ್ದು ಕುಡಿದವಳನ್ನು ಬರೀ ಕಾಲಿನ ಕಸುವಿನಿಂದ ಸೋಲಿಸಿದ್ದಳು. ಬ್ರಿನಾ ಬಂದು ಮೈಮೇಲೆ ಬಿದ್ದು ತಬ್ಬಿಕೊಂಡಳು.

"ಕೊನೆಗೂ ಹೊಡೆದೆ ಕಣೇ ಕತ್ತೆ! ಒಂದಲ್ಲ ಒಂದಿನ ಹೊಡೀತೀಯಾ ಅಂತ ನಂಗೊತ್ತಿತ್ತು!"

ಆ ಅಪ್ಪುಗೆ ತಿಂಕಾರಾಗೆ ಮುಳ್ಳಿನ ಹಾಗೆ ಚುಚ್ಚಿತು.

ಪರೀಕ್ಷೆಯ ಗುಡಾರದಿಂದ ಇಬ್ಬರಿಗೂ ಕರೆ ಬಂತು. ಬ್ರಿನಾಗೆ ಹದಿನೆಂಟು ತುಂಬಿತ್ತು. ತನ್ನ ಕಾಗದಕ್ಕೆ ತಾನೇ ಸಹಿ ಹಾಕಿ, ಸಿಳ್ಳೆ ಹೊಡೆಯುತ್ತಾ ಹೊರಬಂದಳು. ಹದಿನೇಳರ ತಿಂಕಾರಾ ಪರವಾಗಿ ಅಪ್ಪ ಸಹಿ ಹಾಕಬೇಕಿತ್ತು. ಅವನ ಅಕ್ಷರಗಳು ಗೆರೆ ಬಿಟ್ಟು ಕೆಳಗಿಳಿದವು. ಅಕ್ಕ ಸಿಕ್ಕಿಬೀಳುತ್ತಾಳೆಂದು ಎಷ್ಟು ಹೆದರಿದ್ದಾನೆ ಎಂದುಕೊಂಡಳು. ಒಂದು ಕ್ಷಣ, ಎಲ್ಲವನ್ನೂ ಹಿಂದಕ್ಕೆ ತೆಗೆದುಕೊಳ್ಳುವಂತಿದ್ದರೆ ಅನ್ನಿಸಿತು.

ನಾಲ್ಕು ವಾರ ಕಳೆಯಿತು. ಬ್ರಿನಾ ಅಭ್ಯಾಸಕ್ಕೆ ಹೋಗಿದ್ದ ಮಧ್ಯಾಹ್ನ ಅಪ್ಪ ಅಡುಗೆಮನೆಗೆ ಬಂದು, ಕೆಸರು ಬೂಟನ್ನೂ ಬಿಚ್ಚದೆ ಕುರ್ಚಿಯಲ್ಲಿ ಕುಸಿದ. ಕೈಯಲ್ಲಿ ಅವನ ಹೆಸರಿಗೆ ಬಂದ ಲಕೋಟೆ, ಒಡೆದದ್ದು. ಮುಖದಲ್ಲಿ ರಕ್ತವಿರಲಿಲ್ಲ.

"ಮದ್ದು ಸಿಕ್ತಂತಾ?" ಎಂದಳು ತಿಂಕಾರಾ.

ಅಪ್ಪ ತಲೆ ಎತ್ತಿದ. "ನಿನಗೆ... ನಿನಗೆ ಹೇಗೆ ಗೊತ್ತು?"

"ನೀನು ಮಾತ್ರೆ ಪುಡಿ ಮಾಡಿದ್ದು ನೋಡಿದೆ. ಪರೀಕ್ಷೆ ಮಾಡಿ ಅಂತ ಹೋಗಿ ಹೇಳಿದ್ದೂ ನಾನೇ." ಅವಳು ಎದುರಿನ ಕುರ್ಚಿ ಎಳೆದು ಕೂತಳು. "ಅಕ್ಕಂಗೆ ಯಾಕಪ್ಪಾ ಹೀಗೆ ಮಾಡಿದೆ?"

ಸ್ಲಾವ್ಕೊ ಲಕೋಟೆಯನ್ನು ಅವಳ ಕಡೆಗೆ ಸರಿಸಿದ.

"ಬ್ರಿನಾಗೆ ಅದು ಯಾವತ್ತೂ ಬೇಕಾಗಿರ್ಲಿಲ್ಲ, ಪುಟ್ಟಿ."